ಕೂತು ತೆಗೆದ ಅಳತೆ

ಡಮ್ ಡಮ್, ಕೋಲ್ಕತಾ
ಗುರುವಾರ, ೧೧ ಡಿಸೆಂಬರ್ ೨೦೨೫

ಪ್ರೀತಿಯ ಪ್ರತೀಕ್ಷಾ,

ಖುಷಿಯ ಕೆಮ್ಮು ಕಡಿಮೆಯಾಗಿದೆ, ಮಗು ಮತ್ತೆ ಸ್ಕೂಲಿಗೆ ಹೋಗುತ್ತಿದೆ ಎಂದು ಮೊನ್ನೆ ಹೇಳಿದೆ. ಸಮಾಧಾನವಾಯಿತು. ನೀನೂ ಪ್ರಸನ್ನನೂ ನಾಗಪುರದ ಚಳಿಯಲ್ಲಿ ಹುಷಾರಾಗಿರಿ. ನಾನು ಚೆನ್ನಾಗಿದ್ದೇನೆ. ಹಾಗೆಂದು ಬರೆಯುತ್ತಿರುವುದು ಈ ಸಲ ಬರೀ ವಾಡಿಕೆಗಲ್ಲ.

ದೊಡ್ಡ ಅಕ್ಷರದಲ್ಲಿ, ಸಾಲು ಬಿಟ್ಟು ಬರೆಯುತ್ತಿದ್ದೇನೆ. ಬೇಸಿಗೆ ರಜೆಗಳಲ್ಲಿ ಅಪ್ಪ ಸ್ಲೇಟು ಹಿಡಿದು ಕಲಿಸಿದಷ್ಟು ಕನ್ನಡ ನಿನಗಿದೆ, ಒತ್ತಕ್ಷರ ಬಂದಾಗ ತಡವರಿಸುತ್ತೀ. ನಿಧಾನವಾಗಿ ಓದು. ನನ್ನದೂ ಎಸ್ಸೆಸ್ಸೆಲ್ಸಿವರೆಗಿನ ಕನ್ನಡವೇ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮಾತ್ರೆ ತೆಗೆದುಕೊಂಡೆಯಾ, ಗ್ಯಾಸ್ ಬಂತಾ ಎಂಬಲ್ಲಿಗೆ ನಿಂತುಬಿಡುತ್ತೇವೆ. ದಿನಚರಿಯನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ, ತಾರೀಖು ತಪ್ಪಬಾರದೆಂದು.

ವಿಷಯ ಇಷ್ಟು. ಬರುವ ಭಾನುವಾರ ನಾನು ಮೈದಾನದ ಕ್ಲಬ್ಬಿನಲ್ಲಿ ಕುದುರೆ ಸವಾರಿಯ ಪರೀಕ್ಷೆಗೆ ಹೋಗುತ್ತಿದ್ದೇನೆ. ಸವಾರಿ ಬಿಟ್ಟೆ ಎಂದು ನಿನಗೆ ಮಾತು ಕೊಟ್ಟಿದ್ದೆ. ಹನ್ನೊಂದು ತಿಂಗಳು ಬಿಟ್ಟೂ ಇದ್ದೆ. ಕಾಳಿಪೂಜೆ ಕಳೆದ ಮೇಲೆ ಕ್ಲಬ್ಬಿನಿಂದ ಒಂದು ಕಾಗದ ಬಂತು. ಅರವತ್ತು ದಾಟಿದವರು ಒಂದು ವರ್ಷ ಬಾರದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಅರವತ್ತು ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಉಳಿಯಬೇಕಾದರೆ ಡಿಸೆಂಬರ್ ಹದಿನಾಲ್ಕಕ್ಕೆ ಬಂದು, ಸರಿಯಾದ ಸವಾರಿ ಉಡುಪಿನಲ್ಲಿ, ಅರ್ಧ ಗಂಟೆ ಕುದುರೆ ಓಡಿಸಿ ತೋರಿಸಬೇಕು. ಅಂದರೆ ಈ ಭಾನುವಾರ ಹೋಗದಿದ್ದರೆ ಇನ್ನು ಈ ಜನ್ಮಕ್ಕೆ ಇಲ್ಲ.

ಕಾಗದವನ್ನು ಎರಡು ದಿನ ಫ್ರಿಜ್ಜಿನ ಮೇಲಿಟ್ಟಿದ್ದೆ. ಮೂರನೇ ದಿನ ಹೋಗುವುದೆಂದು ತೀರ್ಮಾನಿಸಿದೆ. ಹಾಕಿಕೊಳ್ಳಲು ಏನೂ ಇಲ್ಲ ಎಂಬುದು ಆಗ ನೆನಪಾಯಿತು.

ಬೂಟು, ಟೋಪಿ ಕ್ಲಬ್ಬಿನ ಕಪಾಟಿನಲ್ಲಿದ್ದವು. ಪ್ಯಾಂಟುಗಳು ಮನೆಯಲ್ಲಿದ್ದವು, ಅಪ್ಪನ ಬೀರುವಿನಲ್ಲಿ. ವೈಕುಂಠ ಸಮಾರಾಧನೆಯ ಮಾರನೇ ದಿನ ನೀನು ಬೀರು ಖಾಲಿ ಮಾಡಿದೆಯಲ್ಲ, ಬೀದಿಯಲ್ಲಿ ಪಾತ್ರೆ ಬುಟ್ಟಿ ಹೊತ್ತು ಹೋಗುತ್ತಿದ್ದ ಬಾಸನ್‌ವಾಲಿಯನ್ನು ಮೇಲೆ ಕರೆದು, ಅಪ್ಪನ ಬಟ್ಟೆಯನ್ನೆಲ್ಲ ಕೊಟ್ಟೆಯಲ್ಲ. ಹೋದವರ ಬಟ್ಟೆಗೆ ಬದಲು ಪಾತ್ರೆ ತೆಗೆದುಕೊಳ್ಳಬಾರದೆಂದು ಶಾಂತಮ್ಮತ್ತೆ ಹೇಳಿದರೆಂದು ನೀನು ಏನೂ ಬೇಡವೆಂದೆ. ಆಕೆಯ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಹಾಗೆ ಯಾರೂ ಅಂದಿರಲಾರರು. ಆಕೆ ಅನುಮಾನದಿಂದ ಒಂದು ಸ್ಟೀಲು ಚಮಚ ಹೊಸಿಲ ಮೇಲಿಟ್ಟು ಹೋದಳು. ಆ ಗಂಟಿನಲ್ಲಿದ್ದ ಹದಿನಾಲ್ಕು ಪ್ಯಾಂಟುಗಳಲ್ಲಿ ಆರು ನನ್ನವು.

ನಿನಗೆ ತಿಳಿಯುವುದು ಸಾಧ್ಯವಿರಲಿಲ್ಲ. ಎಲ್ಲವೂ ಬಾದಾಮಿ ಬಣ್ಣದವು, ಅಪ್ಪ ಬೇರೆ ಬಣ್ಣ ಹಾಕಿದವರೇ ಅಲ್ಲ. ಅವರಿಗೆ ಹಳೆಯದಾದ ಪ್ಯಾಂಟನ್ನು ಅವರೇ ಬಿಚ್ಚಿ ನನಗೆ ಹೊಲಿದು ಕೊಡುತ್ತಿದ್ದರು. ಭಾನುವಾರ ಮಧ್ಯಾಹ್ನ ಅಪ್ಪ ಹೊಲಿಗೆ ಮೆಷಿನ್ನಿನ ಮುಂದೆ ಕೂತದ್ದನ್ನು ನೀನು ಎಷ್ಟು ಸಲ ನೋಡಿದ್ದೀ, ರೈಲ್ವೆಯವರ ಜಿಪುಣತನ ಎಂದು ನಗುತ್ತಿದ್ದೆ. ಅವರು ಹೊಲಿಯುತ್ತಿದ್ದದ್ದು ನನ್ನ ಸವಾರಿ ಪ್ಯಾಂಟು. ಒಳಗಾಲಿನ ಹೊಲಿಗೆ ಜೀನಿಗೆ ಉಜ್ಜಿ ಚರ್ಮ ಸುಲಿಯುತ್ತದೆಂದು ನಾನೊಮ್ಮೆ ಹೇಳಿದ್ದೆ. ಅದನ್ನು ಅವರು ಸಿಗ್ನಲ್ ಕೆಟ್ಟಾಗ ಯೋಚಿಸುವ ಹಾಗೆ ಯೋಚಿಸಿ, ಹೊಲಿಗೆಯನ್ನು ಹೊರಗಡೆಗೆ ತಿರುಗಿಸಿದರು. ಮೊಣಕಾಲಿನ ಒಳಬದಿಗೆ ಮೆತ್ತನೆಯ ಚರ್ಮ ಇಟ್ಟರು. ಸೊಂಟದ ಪಟ್ಟಿಯನ್ನು ವರ್ಷ ವರ್ಷ ಅಗಲ ಮಾಡಿದರು, ಏಕೆಂದು ಒಂದು ಸಲವೂ ಹೇಳಲಿಲ್ಲ.

ನೀನು ಗಂಟು ಕಟ್ಟುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೋಡಿದೆ. ಹಿಂದಿನ ದಿನವಷ್ಟೇ ನೀನು, “ಅಪ್ಪ ಹೋಗುವಾಗ ನೀನು ಕುದುರೆ ಮೇಲಿದ್ದೆ. ಇನ್ನು ಸಾಕು ಮಾಡಮ್ಮ,” ಎಂದಿದ್ದೆ. ನಾನು ಆಯಿತು ಎಂದಿದ್ದೆ. ಹಾಗೆಂದ ಮೇಲೆ ಪ್ಯಾಂಟು ಕೇಳುವುದು ಹೇಗೆ?

ಈ ನವೆಂಬರ್ ತಿಂಗಳು ಪೂರ್ತಿ ಬಟ್ಟೆ ಹುಡುಕುವುದರಲ್ಲಿ ಕಳೆಯಿತು. ಇಪ್ಪತ್ತೆರಡು ವರ್ಷ ಸವಾರಿ ಮಾಡಿದವಳಿಗೆ ಅಂಗಡಿಯಲ್ಲಿ ಸವಾರಿ ಬಟ್ಟೆ ಕೊಳ್ಳುವುದು ಗೊತ್ತಿರಲಿಲ್ಲ. ಮೊದಲು ಫೋನಿನಲ್ಲಿ ತರಿಸಿದೆ. ಹೆಂಗಸರ ಅಳತೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಮೊಣಕಾಲು ದಾಟಿತು, ತೊಡೆ ದಾಟಲಿಲ್ಲ. ಇನ್ನೊಂದು ದಾಟಿತು, ಆದರೆ ಕೂತರೆ ಬೆನ್ನ ಕೆಳಗೆ ನಾಲ್ಕು ಬೆರಳು ಗಾಳಿ. ಹೊಕ್ಕುಳ ಕೆಳಗೇ ನಿಲ್ಲುವ ಸೊಂಟ, ಅದರ ಮೇಲೆ ನನ್ನ ಹೊಟ್ಟೆ. ಬಗ್ಗಿ ನೋಡಿಕೊಂಡು ಆ ದಿನವೇ ವಾಪಸು ಕಳಿಸಿದೆ. ಇಪ್ಪತ್ತು ವರ್ಷದ ಹುಡುಗಿಯನ್ನು ಮುಂದೆ ನಿಲ್ಲಿಸಿಕೊಂಡು ಕತ್ತರಿಸಿದ ಬಟ್ಟೆ, ನನ್ನಂಥವಳು ಅದರೊಳಗೆ ಹೊಗಬಹುದೆಂಬುದು ಅವರ ಲೆಕ್ಕದಲ್ಲೇ ಇಲ್ಲ.

ಆಮೇಲೆ ಎಸ್‌ಪ್ಲನೇಡಿನ ದೊಡ್ಡ ಅಂಗಡಿಯೊಂದಕ್ಕೆ ಹೋದೆ. ಅಲ್ಲಿನ ಹುಡುಗಿ ಒಳ್ಳೆಯವಳು. ಚಿಕ್ಕಮ್ಮನನ್ನು ಕರೆಯುವ ಹಾಗೆ ಮಾಶಿಮಾ ಎಂದು ಕರೆದು ಕುರ್ಚಿ ಕೊಟ್ಟು, ಬೆಳಗಿನ ವಾಕಿಂಗಿಗಾ ಎಂದು ಕೇಳಿದಳು. ನಾನು ಹೌದೆಂದೆ. ಅರವತ್ತಮೂರು ವರ್ಷ, ಗಂಡ ಹೋಗಿ ವರ್ಷ ತುಂಬಿಲ್ಲ, ಕುದುರೆ ಹತ್ತಲು ಪ್ಯಾಂಟು ಬೇಕು ಎನ್ನಲು ಬಾಯಿ ಬರಲಿಲ್ಲ. ಮೈಗಂಟುವ ಕಪ್ಪು ಚಲ್ಲಣ ಕೊಟ್ಟಳು. ಕೊಂಡುಕೊಂಡು ಬಂದೆ, ಈಗ ಚಳಿಗೆ ಸೀರೆಯೊಳಗೆ ಹಾಕಿಕೊಳ್ಳುತ್ತೇನೆ. ಒಳಗಿನ ಉಡುಪಿನ ವಿಷಯ ಮಾತ್ರ ಅವಳನ್ನೇ ಕೇಳಿದೆ. ಎದೆಯನ್ನು ಹಿಡಿದು ನಿಲ್ಲಿಸುವಂಥದು, ಆದರೆ ಕೈ ಮೇಲೆತ್ತಿ ತೊಡುವಂಥದಲ್ಲ, ನನ್ನ ಬಲಭುಜ ನಿನಗೆ ಗೊತ್ತಲ್ಲ. ಮುಂದೆ ಕೊಕ್ಕೆ ಇರುವುದನ್ನು ಹುಡುಕಿ ಕೊಟ್ಟಳು. ನಾಚಿಕೆಪಟ್ಟುಕೊಂಡು ಇಷ್ಟು ವರ್ಷ ಕೇಳಿರಲಿಲ್ಲ. ನಿನಗೂ ಮುಂದೆ ಬೇಕಾದೀತು, ಅದಕ್ಕೆ ಬರೆದೆ.

ಕೊನೆಗೆ ಸವಾರಿ ಕಲಿಸುವ ರಿಸಾಲ್ದಾರ್ ಸಾಹೇಬರಿಗೆ ಫೋನು ಮಾಡಿದೆ. ಮಟಿಯಾಬ್ರುಜ್‌ನಲ್ಲಿ ಒಬ್ಬ ಓಸ್ತಾಗರ್ ಇದ್ದಾರೆ ಎಂದರು. ಅಲ್ಲಿ ದರ್ಜಿಗಳನ್ನು ಹಾಗೆ ಕರೆಯುವುದು. ಮೊಯಿನುದ್ದೀನ್ ಎಂದು ಹೆಸರು, ನನ್ನ ವಯಸ್ಸಿನವರೇ, ಮೊದಲು ಕುದುರೆ ಪೊಲೀಸರಿಗೆ ಹೊಲಿಯುತ್ತಿದ್ದವರು. ನವೆಂಬರ್ ಹದಿನೆಂಟಕ್ಕೆ ಹೋದೆ. ಮೆಷಿನ್ನುಗಳ ಸದ್ದಿನ ಗಲ್ಲಿ. ಅಪ್ಪ ಹೊಲಿಯುತ್ತಿದ್ದ ರೀತಿಯನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಇದನ್ನು ಮಾಡಿದವನು ಯಾವ ರೆಜಿಮೆಂಟಿನವನು ಎಂದು ಕೇಳಿದರು. ರೈಲ್ವೆ ಸಿಗ್ನಲ್ ವಿಭಾಗದವರು, ಕುದುರೆಯ ಹತ್ತಿರ ಹೋಗಲೂ ಹೆದರುತ್ತಿದ್ದರು ಎಂದೆ. ಅವರು ನಂಬಲಿಲ್ಲವೆಂದು ಕಾಣುತ್ತದೆ.

ಮೊದಲು ಹೊಲಿದ ಪ್ಯಾಂಟು ನಿಂತಾಗ ಚೆನ್ನಾಗಿತ್ತು. ಮನೆಗೆ ತಂದು ಸೋಫಾದ ಕೈಯ ಮೇಲೆ ಕುದುರೆ ಹತ್ತಿದ ಹಾಗೆ ಕಾಲು ಹಾಕಿ ಕೂತರೆ, ಮೊಣಕಾಲಲ್ಲಿ ಹಿಡಿಯಿತು, ಹಿಂದೆ ಎಳೆಯಿತು. ಪರೀಕ್ಷೆಗೆ ಹದಿನೈದು ದಿನ. ತೆಗೆದುಕೊಂಡು ಹೋಗಿ ತೋರಿಸಿದೆ. ಅವರು ತಲೆ ತಗ್ಗಿಸಿದರು. “ತಪ್ಪು ನಂದೇ ದಿದಿ. ಪೊಲೀಸರನ್ನ ಪೆಟ್ಟಿಗೆ ಮೇಲೆ ಕೂರಿಸಿ ಅಳತೆ ತಗೋತಿದ್ದೆ. ಹೆಂಗಸರಿಗೆ ಕಾಲು ಆಕಡೆ ಈಕಡೆ ಹಾಕಿ ಕೂತ್ಕೊಳ್ಳಿ ಅಂತ ಹೇಗೆ ಹೇಳ್ಲಿ? ನಿಂತಿದ್ದ ಹಾಗೇ ತಗೊಂಡ್ಬಿಟ್ಟೆ. ಅದು ನಡೆಯೋರ ಅಳತೆ.”

ಹೀಗೆ ಇಬ್ಬರ ಮರ್ಯಾದೆಯಲ್ಲಿ ಒಂದು ಪ್ಯಾಂಟು ಕೆಟ್ಟಿತು. ನಾನೂ ಕೂತು ಅಳೆಯಿರಿ ಎನ್ನಬಹುದಿತ್ತು, ಅಪ್ಪ ಹಾಗೇ ಅಳೆಯುತ್ತಿದ್ದರು. ಹೊರಗಿನ ಗಂಡಸಿಗೆ ಹೇಳಲು ನನಗೂ ಆಗಿರಲಿಲ್ಲ.

ಈ ಸಲ ಅವರು ಸೊಸೆಯನ್ನು ಕರೆದು, ಟೇಪು ಕೊಟ್ಟು, ತಾವು ಪರದೆಯಾಚೆ ಹೋಗಿ ನಿಂತರು. ಬಟ್ಟೆಯ ಟ್ರಂಕಿನ ಮೇಲೆ ನಾನು ಹತ್ತಿ ಕೂತೆ. ಮಂಡಿ ಮಡಿಸಿ, ಸೊಂಟದಿಂದ ಮಂಡಿ, ಮಂಡಿಯಿಂದ ಮೀನಖಂಡ ಎಂದು ಅವರು ಆಚೆಯಿಂದ ಕೂಗುವುದು, ಆ ಹುಡುಗಿ ಅಳೆದು ಅಂಕಿ ಕೂಗುವುದು. ನಡುವೆ ನನ್ನ ವಯಸ್ಸು ಕೇಳಿದಳು. ಹೇಳಿದೆ.

“ನಮ್ಮತ್ತೇಗೂ ಅಷ್ಟೇ. ಮಂಚದಿಂದ ಇಳಿಸೋಕೆ ಒಬ್ಬರು ಬೇಕು, ಬೈಯೋಕೆ ಮಾತ್ರ ಯಾರೂ ಬೇಡ,” ಎಂದಳು.

“ಕೇಳಿಸ್ತಿದೆ,” ಎಂದರು ಮಾವ, ಆಚೆಯಿಂದ.

ದಿನಚರಿಯಲ್ಲಿ ನವೆಂಬರ್ ಇಪ್ಪತ್ತೊಂಬತ್ತಕ್ಕೆ ಒಂದೇ ಪದ ಬರೆದಿದ್ದೇನೆ: ನಕ್ಕೆ.

ನಿನ್ನೆ ಹೋಗಿ ತಂದೆ. ಬಾದಾಮಿ ಬಣ್ಣದ್ದು, ಸ್ವಲ್ಪ ಹಿಗ್ಗುವ ದಪ್ಪ ಹತ್ತಿ. ಹೊಕ್ಕುಳ ಮೇಲೆ ಬರುವ ಅಗಲ ಪಟ್ಟಿ, ಪಕ್ಕಕ್ಕೆ ಗುಂಡಿ, ಹೊಟ್ಟೆಯನ್ನು ಒತ್ತುವುದಿಲ್ಲ, ಹಿಡಿದುಕೊಳ್ಳುತ್ತದೆ. ನಾನು ಒಯ್ದು ಕೊಟ್ಟಿದ್ದ ನನ್ನ ಹಳೆಯ ಕಂದು ಕೋಟನ್ನು ಅವರೇ ನಾಲ್ಕು ಬೆರಳು ಉದ್ದ ಮಾಡಿದ್ದಾರೆ. ಕೂತಾಗ ಹಿಂದೆ ಬೀಳುತ್ತದೆ, ದಪ್ಪ ಕಾಣುವುದಿಲ್ಲ. ಟ್ರಂಕಿನ ಮೇಲೆ ಕೂತು ಎರಡು ಕಾಲೂ ಒತ್ತಿ ನೋಡಿದೆ. ಎಲ್ಲೂ ಹಿಡಿಯಲಿಲ್ಲ. ಇಳಿದು ಕನ್ನಡಿಯ ಮುಂದೆ ನಿಂತೆ. ನಾನು ಚೆನ್ನಾಗಿ ಕಾಣುತ್ತಿದ್ದೆ, ಪ್ರತೀಕ್ಷಾ. ನೇರವಾಗಿ ಬರೆಯುತ್ತಿದ್ದೇನೆ. ಹನ್ನೊಂದು ತಿಂಗಳಿಂದ ಹಣೆ ಕಾಣುವಷ್ಟೇ ಕನ್ನಡಿ ನೋಡುತ್ತಿದ್ದವಳು ಅಲ್ಲಿ ಪೂರ್ತಿ ನಿಂತು ನೋಡಿಕೊಂಡೆ, ತಿರುಗಿ ಹಿಂದೆಯೂ ನೋಡಿಕೊಂಡೆ.

ವರ್ಷಾಬ್ದಿಕ ಆಗುವವರೆಗೆ ಹೊಸ ಬಟ್ಟೆ ಕೂಡದು ಎಂದು ಶಾಂತಮ್ಮತ್ತೆ ಹೇಳಿದ್ದು ನೆನಪಿದೆ. ವರ್ಷಾಬ್ದಿಕ ಜನವರಿಯಲ್ಲಿ. ಪರೀಕ್ಷೆ ಡಿಸೆಂಬರಿನಲ್ಲಿ. ಅವರಿಗೆ ಹೇಳುವುದಿಲ್ಲ. ನಿನಗೆ ಹೇಳದೆ ಹೋಗಲು ಆಗುವುದಿಲ್ಲ. ಅದು ಬಟ್ಟೆಯ ವಿಷಯವಲ್ಲ.

ಜನವರಿ ಇಪ್ಪತ್ತೊಂದರ ಮಂಗಳವಾರ ನಡೆದದ್ದನ್ನು ನಿನಗೆ ಪೂರ್ತಿ ಹೇಳಿಲ್ಲ. ಕೆಳಗಿನ ಮನೆಯವರು ಕ್ಲಬ್ಬಿನ ಆಫೀಸಿಗೆ ಫೋನು ಮಾಡಿದರು, ನಾನು ಸವಾರಿ ಮುಗಿಸಿದ ತಕ್ಷಣ ಹೇಳಿದರು, ಟ್ಯಾಕ್ಸಿ ಹಿಡಿದು ಬಂದೆ ಎಂದು ಹೇಳಿದ್ದೇನೆ. ಸರಿಯಾಗಿ ಹೇಳಬೇಕೆಂದರೆ ಹೀಗೆ. ಮಂಜಿತ್ತು. ಮಿಷ್ಟಿ, ನಾನು ಏರುವ ಹೆಣ್ಣು ಕುದುರೆ, ಕಾಲು ನೋವಾಗಿ ಒಂದು ತಿಂಗಳು ಲಾಯದಲ್ಲಿದ್ದು ಆ ದಿನ ಮೊದಲ ಸಲ ಹಾಯಾಗಿ ಓಡುತ್ತಿದ್ದಳು. ಬೇಲಿಯ ಹತ್ತಿರ ಆಫೀಸಿನವನು ಎರಡೂ ಕೈ ಎತ್ತಿ ಬೀಸುತ್ತಿದ್ದ. ನಾನು ನೋಡಿದೆ. ಸಮಯ ಮುಗಿಯಿತು, ಮುಂದಿನವರು ಕಾಯುತ್ತಿದ್ದಾರೆ ಎನ್ನುತ್ತಿದ್ದಾನೆ ಎಂದುಕೊಂಡೆ. ಸಮಯ ಮುಗಿದಿರಲಿಲ್ಲ, ಅದೂ ನನಗೆ ಗೊತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು ಹೋದೆ.

ಎರಡು ನಿಮಿಷ ಇರಬಹುದು. ಫೋನು ಬರುವುದಕ್ಕೆ ಮೊದಲೇ ಎಲ್ಲ ಮುಗಿದಿತ್ತೆಂದು ಡಾಕ್ಟರು ಹೇಳಿದ್ದಾರೆ, ನೀನೂ ಕೇಳಿದ್ದೀ. ಆ ಎರಡು ನಿಮಿಷದಿಂದ ಏನೂ ಬೇರೆಯಾಗುತ್ತಿರಲಿಲ್ಲ. ಆದರೆ ನಿನ್ನ ಅಪ್ಪ ಇಲ್ಲದ ಮೇಲಿನ ಮೊದಲ ಸುತ್ತನ್ನು ನಾನು ಬಹಳ ಸಂತೋಷದಿಂದ ಮಾಡಿದೆ. ಕುದುರೆ ಮೇಲಿದ್ದೆ ಎಂದು ನೀನು ಅಂದಾಗ ನಾನು ವಾದ ಮಾಡದೆ ಆಯಿತು ಎಂದದ್ದು ಇದಕ್ಕೆ. ನೀನು ಶಿಕ್ಷೆ ಕೊಟ್ಟೆ ಎಂದುಕೊಂಡು ಒಪ್ಪಿಕೊಂಡೆ. ನೀನು ಹೆದರಿಕೆಯಿಂದ ಹೇಳಿದ್ದೂ ಇರಬಹುದು, ಒಬ್ಬರು ಹೋದರು, ಇನ್ನೊಬ್ಬರು ಬೀಳಬಾರದೆಂದು. ಅದನ್ನು ನಾನು ಕೇಳಲಿಲ್ಲ, ನೀನು ಹೇಳಲಿಲ್ಲ.

ಹನ್ನೊಂದು ತಿಂಗಳು ಬಿಟ್ಟು ನೋಡಿದೆ. ಬಿಟ್ಟದ್ದರಿಂದ ಆ ಸುತ್ತು ಅಳಿಸಲಿಲ್ಲ. ಅಪ್ಪನಿಗೂ ಏನೂ ಸಂದಿಲ್ಲ ಎನಿಸುತ್ತದೆ. ನಲವತ್ತೊಂದನೇ ವಯಸ್ಸಿನಲ್ಲಿ ನನ್ನನ್ನು ಆ ಕ್ಲಬ್ಬಿಗೆ ಸೇರಿಸಿದವರು ಅವರು. ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ನಿನ್ನ ತಾತ ಕಾಂಪೌಂಡರಾಗಿದ್ದಾಗ ನಾನು ಜೀನಿಲ್ಲದೆ ಓಡಿಸುತ್ತಿದ್ದೆ, ದೊಡ್ಡವಳಾದಳೆಂದು ಬಿಡಿಸಿದರು ಎಂದು ಒಂದು ಸಲ, ಬರೀ ಮಾತಿಗೆ, ಹೇಳಿದ್ದೆ. ಮಾರನೇ ವಾರ ಫಾರಂ ತುಂಬಿ ತಂದರು. ಸಹಿ ಮಾಡು ಎಂದರು, ಅಷ್ಟೇ.

ರಿಸಾಲ್ದಾರ್ ಸಾಹೇಬರು ಪರೀಕ್ಷೆಯಲ್ಲಿ ಮಿಷ್ಟಿಯನ್ನೇ ಕೊಡುತ್ತಾರಂತೆ. ಹತ್ತಲು ಮೆಟ್ಟಿಲ ಪೀಠ ಇಡುತ್ತಾರೆ, ಕೈ ಹಿಡಿಯುವುದಿಲ್ಲ. ನಪಾಸಾಗಬಹುದು, ಬೆನ್ನು ಮೊದಲಿನಂತಿಲ್ಲ. ಬೀಳಲೂಬಹುದು. ಆ ಮಾತನ್ನು ಮುಚ್ಚಿಟ್ಟು ಬರೆದರೆ ಈ ಕಾಗದಕ್ಕೆ ಅರ್ಥವಿಲ್ಲ. ಬಿದ್ದರೆ ನಿನಗೆ ತೊಂದರೆ, ರಜೆ ಹಾಕಿ ಬರಬೇಕು, ಅದೂ ಗೊತ್ತು. ಆದರೂ ಹೋಗುತ್ತೇನೆ. ಅನುಮತಿ ಕೇಳುತ್ತಿಲ್ಲ. ಆ ಸುತ್ತಿನ ವಿಷಯ ನಿನಗೆ ಹೇಳದೆ ಮತ್ತೆ ಕುದುರೆ ಹತ್ತಬಾರದೆನಿಸಿತು. ಕೋಪ ಮಾಡಿಕೊಳ್ಳಬೇಕೆನಿಸಿದರೆ ಮಾಡಿಕೋ. ಈಗ ಅದು ನಿಜವಾಗಿ ನಡೆದದ್ದರ ಮೇಲಿನ ಕೋಪವಾಗಿರುತ್ತದೆ.

ಖುಷಿಗೆ ಮುತ್ತು. ಪ್ರಸನ್ನನಿಗೆ ಆಶೀರ್ವಾದ.

ನಿನ್ನ ಅಮ್ಮ,
ರಾಜಲಕ್ಷ್ಮಿ

ಮತ್ತೆ: ಇದನ್ನು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬಹುದಲ್ಲ ಎಂದು ನೀನು ಕೇಳುತ್ತೀ. ಕಳಿಸುವುದು ನನಗೆ ಬರುತ್ತದೆ. ಸ್ಪೀಡ್ ಪೋಸ್ಟ್ ಕೂಡ ಮಾಡದೆ, ಸಾಮಾನ್ಯ ಅಂಚೆಗೆ ಹಾಕುತ್ತಿದ್ದೇನೆ. ನಾಗಪುರಕ್ಕೆ ಐದಾರು ದಿನ ಬೇಕು ಎಂದರು, ಭಾನುವಾರ ಕಳೆದಿರುತ್ತದೆ. ಅನುಮತಿ ಕೇಳುತ್ತಿಲ್ಲ ಎಂದು ಮೇಲೆ ಧೈರ್ಯವಾಗಿ ಬರೆದೆ. ನೀನು ಫೋನು ಮಾಡಿ ಒಂದು ಸಲ ಬೇಡಮ್ಮ ಎಂದರೆ ನಾನು ಹೋಗುವುದಿಲ್ಲ.