ತೆಗೆದಿಟ್ಟ ಹೂವು

ಮಾರ್ಚ್ ೧೨, ಬುಧವಾರ

ಆ ಮನುಷ್ಯನ ಮುಖ ಕಣ್ಣಿಂದ ಹೋಗುತ್ತಿಲ್ಲ. ಅಂಗಡಿಗೆ ನುಗ್ಗಿ ಕಾವಲಿನವನನ್ನು ಹೊಡೆದ ಎಂದು ಅವನ ಮೇಲೆ ಕೇಸು. ಇಲ್ಲಿ ಅಮೆರಿಕದಲ್ಲಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವುದು ನಮ್ಮಂಥ ಸಾಮಾನ್ಯ ಜನರ ಜ್ಯೂರಿ; ಅದರಲ್ಲಿ ಕೂತ ಹನ್ನೆರಡು ಜನವೂ ಒಂದೇ ಮಾತು ಹೇಳಬೇಕು. ಹನ್ನೊಂದು ಜನ ತಪ್ಪಿತಸ್ಥ ಅಂದಾಯಿತು. ಉಳಿದವಳು ನಾನು. ಕತ್ತಲಾಗುವ ಹೊತ್ತಿನಲ್ಲಿ, ಅಷ್ಟು ದೂರದಿಂದ, ಸಾಕ್ಷಿ ಹೇಳಿದವಳಿಗೆ ಮುಖ ಹೇಗೆ ಕಂಡಿತು? ನಾಳೆ ಮತ್ತೆ ಕೂರಬೇಕು.

ಗಂಡನಿಗೂ ಹೇಳಬಾರದೆಂದು ಜಡ್ಜಮ್ಮನ ಅಪ್ಪಣೆ. ನಾನು ಅನ್ನ ಕಲಸುತ್ತಲೇ ಕೂತದ್ದನ್ನು ನೋಡಿ ಇವರು, "ಏನೂಂತ ನಂಗೆ ಹೇಳ್ಬೇಡ ಕಣಮ್ಮಿ, ದೇವ್ರ ಹೂವ ಕೇಳ್ಬುಡು. ಅವನಿಗಿಂತ ದೊಡ್ ಜಡ್ಜು ಯಾರವ್ರೆ?" ಅಂದರು.

ಎವರ್‌ಗ್ರೀನ್ ಬಡಾವಣೆಯ ಈ ಮನೆ ಕೊಂಡದ್ದು, ಮಗಳು ಲಾಸ್ಯಾಳ ಮದುವೆಗೆ ಒಪ್ಪಿದ್ದು, ಎಲ್ಲ ದೇವರ ಬಲಗಡೆ ಹೂ ಬಿದ್ದ ಮೇಲೆಯೇ. ಆದರೆ ಕೋರ್ಟಿನಲ್ಲಿ ಕಂಡು ಕೇಳಿದ್ದರ ಮೇಲೆ ಮಾತ್ರ ತೀರ್ಮಾನ ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಎಡಕ್ಕೆ ಬಿದ್ದರೆ ಅವನನ್ನು ಜೈಲಿಗೆ ಕಳಿಸಲೇ? ಬಲಕ್ಕೆ ಬಿದ್ದರೆ ಆ ಹನ್ನೊಂದು ಜನಕ್ಕೆ ಏನೆಂದು ಹೇಳಲಿ?

ಎದ್ದೆದ್ದು ಹೋಗಿ ದೇವರ ಮುಂದೆ ನಿಂತು ಬಂದೆ. ಕೊನೆಗೆ ಬೆಳಿಗ್ಗೆ ಏರಿಸಿದ್ದ ಹೂವನ್ನೂ ತೆಗೆದಿಟ್ಟೆ. ತಾನಾಗಿ ಬಿದ್ದರೆ ನೋಡದೆ ಇರುವಷ್ಟು ಗಟ್ಟಿಗಿತ್ತಿಯಲ್ಲ ನಾನು.

ತಂದೆ, ನಾಳೆ ಒಂದು ದಿನ ನೀನು ಸುಮ್ಮನಿರು.