ಎದೆಯ ಮೇಲಿನ ನೀಲಿ ಗುರುತು

ನನಗಿಂತ ಮೊದಲು ಹುಟ್ಟಿ, ನನಗಿಂತ ಮೊದಲೇ ಎದ್ದು ಹೋದ ಅಣ್ಣನಿಗೆ,

ಹೋದ ವಾರ ತಾಂಡೂರಿನ ದವಾಖಾನೆಗೆ ಹೋಗಿದ್ದೆ. ನೀನು ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದೆಯಲ್ಲ, ಅದೇ ಹೃದಯದ ಡಾಕ್ಟರ ಹತ್ತಿರ. ಈ ಸಲ ಪರೀಕ್ಷೆ ಅವ್ವನದಲ್ಲ, ನನ್ನದು. ನೀನು ಕುರಿಹಟ್ಟಿಯಲ್ಲಿ ಎದೆ ಹಿಡಿದುಕೊಂಡು, ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮಲಗಿದವನು ಏಳಲೇ ಇಲ್ಲ. ಅಂದಿನಿಂದ ಅವ್ವನ ಕಣ್ಣು ನನ್ನ ಎದೆಯ ಮೇಲೆ. ನನಗೆ ನೋವಿಲ್ಲ, ಏದುಸಿರಿಲ್ಲ. ಆದರೂ "ಒಂದೇ ಹೊಟ್ಟ್ಯಾಗ ಹುಟ್ಟೀರಿ, ನೀನೂ ತೋರಸ್ಕೊ" ಅಂತ ಹಠ. ನೋಡು, ಅವಳು ನನ್ನನ್ನು ಇಷ್ಟು ದಿಟ್ಟಿಸಿ ನೋಡಿದ್ದೂ ನಿನ್ನ ಕಾರಣಕ್ಕೇ.

ಆ ದವಾಖಾನೆಯ ನರ್ಸಮ್ಮ ನಿನಗೆ ನೆನಪಿರಬೇಕು. ಒಮ್ಮೆ ಅವಳು ಅವ್ವನಿಗೆ ತೆಲುಗಿನಲ್ಲಿ "ಗುಂಡೆ ಎಲಾ ಉಂದಿ" ಅಂತ, ಹೃದಯ ಹೇಗಿದೆ ಅಂತ ಕೇಳಿದ್ದಳು. ನೀನು ನಡುವೆ ಬಾಯಿ ಹಾಕಿ, ನಿನ್ನ ಅಂಗಿ ಮುಂದೆ ಹಿಡಿದು, "ಎರಡು ಗುಂಡಿ ಕಿತ್ತ್ ಹೋಗ್ಯಾವ ನೋಡ್ರಿ, ಉಳದಾವು ಗಟ್ಟಿ ಅವ" ಅಂದಿದ್ದೆ. ಅವ್ವ ಬಿದ್ದು ಬಿದ್ದು ನಕ್ಕಳು. ಬೀಪಿ ನೋಡುವವನು "ನಗಬ್ಯಾಡ್ರಿ ಅಮ್ಮ, ಮೀಟರ್ ಓಡ್ತದ" ಅಂದರೆ, "ನಾವೇನು ಆಟೋದಾಗ ಕೂತೀವೇನಪ್ಪ, ಓಡ್ಲಿ ಬಿಡು" ಅಂದೆ ನೀನು. ಬಸ್ಸು ಬಶೀರಾಬಾದ್ ಮುಟ್ಟುವವರೆಗೂ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಇದ್ದಳಂತೆ. ಮನೆಗೆ ಬಂದು ಅದನ್ನು ಹೇಳುವಾಗಲೂ ಮತ್ತೆ... ಇಡೀ ದಿನ ಬಿಸಿಲಲ್ಲಿ ಕುರಿ ಮೇಯಿಸಿ ಬಂದ ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅವ್ವ ಇಬ್ಬರಿಗೂ ಒಬ್ಬಳೇ, ಅವಳ ನಗು ಮಾತ್ರ ನಿನಗೊಬ್ಬನಿಗೇ ಯಾಕೆ?

ನೀನು ಹೋದ ಮೇಲೆ ಅವ್ವನನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದವನು ನಾನು. ಅಷ್ಟು ದಿನ ಅವಳ ಮುಖ ಮುಚ್ಚಿದ ಬಾಗಿಲಿನ ಹಾಗಿತ್ತು. ನಗಿಸೋಣ ಅಂತ ನಾನೂ ಅಂಗಿ ತೋರಿಸಿ ಗುಂಡಿಯ ಮಾತು ಆಡಿದೆ. ನರ್ಸಮ್ಮ ಮುಖ ಸಣ್ಣದು ಮಾಡಿಕೊಂಡು, "ಇದು ನಿಮ್ಮಣ್ಣನ ಮಾತಲ್ಲೇನ್ರಿ" ಅಂದಳು. ಅವ್ವ ನಗಲಿಲ್ಲ. "ಅದು ಅವನ ಬಾಯಾಗ ಚಂದಿತ್ತು" ಅಂದಳು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಯಾರು ಅನ್ನುತ್ತಾರೆ? ಅವರಿಗೆ ನಿನ್ನಂಥ ಅಣ್ಣ ಇರಲಿಲ್ಲ ಬಿಡು.

ನಾರಾಯಣಖೇಡದ ಸಂತೆಯಲ್ಲಿ ನಾವಿಬ್ಬರೂ ಎಷ್ಟು ಕುರಿ ಮಾರಿಲ್ಲ? ಮಾತು ಮುಗಿದ ಕೂಡಲೇ ಕೊಳ್ಳುವವನು ಕುರಿಯ ಮೈಮೇಲೆ ತನ್ನ ಬಣ್ಣ ಬಳಿಯುತ್ತಾನೆ. ಬಣ್ಣ ಬಿತ್ತೆಂದರೆ ಅದು ನಮ್ಮದಲ್ಲ, ಲಾರಿ ಬಂದಾಗ ಹತ್ತಲೇಬೇಕು. ಕೊಡುವ ಮನಸ್ಸಿಲ್ಲದಿದ್ದರೆ ಲಾರಿ ಬರುವ ಮೊದಲೇ ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿಬಿಡಬೇಕು. ಬಣ್ಣ ಹೋದರೆ ಮಾತೂ ಹೋಯಿತು. ಹುಟ್ಟಿದಾಗಿನಿಂದ ತಲೆಯಲ್ಲಿ ಕೂತ ಲೆಕ್ಕ ಇದು, ದವಾಖಾನೆಯ ಬಾಗಿಲಲ್ಲಿ ಕಳಚಿಟ್ಟು ಹೋಗಲು ಬರುತ್ತದೇನು?

ಹೋದ ವಾರ ಅವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಪರದೆಯ ಹಿಂದೆ ನನ್ನನ್ನು ಅಂಗಿ ಬಿಚ್ಚಿಸಿ ಮಲಗಿಸಿದರು. ಇಸಿಜಿ ತೆಗೆಯುವವನು ಪಕ್ಕೆಲುಬು ಎಣಿಸಿದ ಹಾಗೆ ಮಾಡಿ, ಪೆನ್ನಿನಿಂದ ನನ್ನ ಎದೆಯ ಮೇಲೆ ನೀಲಿ ಗುರುತು ಹಾಕಿದ. ವೈರು ಎಲ್ಲಿ ಅಂಟಿಸಬೇಕು ಅಂತ ಅವನ ಗುರುತು. ಅದನ್ನು ನನಗೆ ಹೇಳಬೇಕಲ್ಲ! ಬಾಯಿ ಬಿಡದೆ ಹೊರಗೆ ಹೋದ. ನಾನು ಆ ಗುರುತು ನೋಡುತ್ತಾ ಮಲಗಿದೆ. ಇವರು ನನ್ನನ್ನು ಆರಿಸಿಬಿಟ್ಟರು, ಕೊಯ್ಯಲು ಇಟ್ಟರು, ಅಣ್ಣನ ಹಿಂದೆಯೇ ನಾನೂ... ಎದ್ದು ಕೂತು ಟವೆಲ್ಲಿಗೆ ಉಗುಳು ಹಚ್ಚಿ ಗಸಗಸ ಉಜ್ಜಿದೆ. ಅವನು ಬಂದು ನೋಡಿದರೆ ಗುರುತಿಲ್ಲ. ಗೊಣಗುತ್ತಾ ಮತ್ತೆ ಹಾಕಿದ. ಅವನು ಯಂತ್ರದ ಕಡೆ ತಿರುಗಿದ್ದೇ ತಡ, ನಾನು ಮತ್ತೆ ಉಜ್ಜಿದೆ.

"ಯಾಕ್ರೀ ಅಳಸ್ತೀರಿ?" ಅಂತ ಕೂಗಿದ ಅವನು.

"ನಾ ಕೊಡಂಗಿಲ್ಲರಿ! ಮಾತೇ ಆಗಿಲ್ಲ, ಬಣ್ಣ ಹ್ಯಾಂಗ ಹಚ್ತೀರಿ?" ಅಂತ ನಾನೂ ಕೂಗಿದೆ.

ಪರದೆಯಾಚೆಯಿಂದ ಅವ್ವನ ನಗು ಕೇಳಿತು. ಅದೇ ನಗು ಅಣ್ಣಾ, ಕೆಮ್ಮಿನಿಂದ ಶುರುವಾಗಿ ಕಣ್ಣೀರಿನವರೆಗೆ ಹೋಗುವುದು. "ಯಪ್ಪಾ, ಇಂವ ತಾನೂ ಒಂದು ಕುರಿ ಅಂತ ತಿಳಕೊಂಡಾನ್ರೀ!" ಅಂತ ಬೆಂಚಿನ ಮೇಲೆ ಕೂತವರಿಗೆಲ್ಲ ಹೇಳಿದಳು. ನರ್ಸಮ್ಮ ನಕ್ಕಳು, ಯಂತ್ರದವನು ನಕ್ಕ, ಡಾಕ್ಟರೂ ಕಾಗದ ನೋಡಿ ನಗುತ್ತಲೇ ಎದೆ ಚೆನ್ನಾಗಿದೆ ಅಂದರು. ನನಗೆ ನಾಚಿಕೆಯಾಗಲಿಲ್ಲ. ಬಸ್ಸಿನಲ್ಲಿ ಅವ್ವ ನನ್ನ ತೋಳು ಹಿಡಿದು ಕೂತಿದ್ದಳು. ಇದೊಂದು ನನ್ನದು, ಇದರಲ್ಲಿ ನಿನ್ನ ಪಾಲಿಲ್ಲ ಅಂತ ದಾರಿಯುದ್ದಕ್ಕೂ ಹಿಗ್ಗಿದೆ.

ನಿನ್ನೆ ಕಲ್ಹೇರಿನಿಂದ ನಮ್ಮ ತಂಗಿ ಬಂದಿದ್ದಳು. ನಾನು ಈ ಸಂಗತಿಯನ್ನು ಫೋನಿನಲ್ಲಿ ಅವಳಿಗೆ ಆಗಲೇ ಹೇಳಿದ್ದೆ. ಆದರೂ ಅವ್ವನ ಬಾಯಲ್ಲಿ ಕೇಳೋಣ ಅಂತ ಹತ್ತಿರ ಕೂತೆ. ಅವ್ವ ರೊಟ್ಟಿ ತಟ್ಟುತ್ತಾ ಶುರು ಮಾಡಿದಳು: "ನಿಮ್ಮ ದೊಡ್ಡಣ್ಣ ಒಂದ್ಸಲ ತಾಂಡೂರ ದವಾಖಾನ್ಯಾಗ ಏನ್ ಮಾಡಿದ ಗೊತ್ತದೇನ?"

ದೊಡ್ಡಣ್ಣ! ಪೆನ್ನು, ಗುರುತು, ಟವೆಲ್ಲು, ಕೂಗಾಟ, ಎಲ್ಲವನ್ನೂ ಎತ್ತಿ ನಿನ್ನ ಮಡಿಲಿಗೆ ಹಾಕಿದಳು. ತಂಗಿ ನನ್ನ ಮುಖ ನೋಡಿದಳು. ಅವ್ವನಿಗೆ ಮರೆವು ಅನ್ನಬೇಡ, ಕತ್ತಲಲ್ಲೂ ಯಾವ ಮರಿ ಯಾವ ಕುರಿಯದು ಅಂತ ಕೈಯಿಂದಲೇ ಹೇಳುತ್ತಾಳೆ. ಜೀವಮಾನದಲ್ಲಿ ನಾನು ಅವಳನ್ನು ನಗಿಸಿದ್ದು ಒಂದೇ ಸಲ, ಅದನ್ನೂ ನೀನೇ ತಗೊಂಡೆಯಲ್ಲ! "ಅವ್ವ, ಅದು ನಾನು" ಅನ್ನಲು ಬಾಯಿ ತೆರೆದೆ.

ಅವ್ವ ನನ್ನ ಕಡೆ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಡಾಕ್ಟರ ಕಾಗದ ನೋಡಿದ. ನಿಂದು ಎದಿ ಭೇಷ್ ಅದ, ನಿನಗ ಏನೂ ಆಗಂಗಿಲ್ಲ, ಮನಿಗಿ ಹೋಗು ಅಂದ. ಬಂದ. ರೊಟ್ಟಿ ತಿಂದ, ಕುರಿ ಬಿಟಗೊಂಡು ಅಡವಿಗಿ ನಡದ" ಅಂದಳು.

ತೆರೆದ ಬಾಯಿ ಮುಚ್ಚಿಕೊಂಡೆ. ಇನ್ನು ಮುಂದೆಯೂ ತಿದ್ದುವುದಿಲ್ಲ, ಯಾರ ಮುಂದೆ ಹೇಳಿದರೂ ಪಕ್ಕದಲ್ಲಿ ಕೂತು ನಗುತ್ತೇನೆ. ಹೊಟ್ಟೆ ಉರಿಯುತ್ತದೆ, ಉರಿಯಲಿ. ನಿನಗೆ ಗೊತ್ತಾಗಲಿ ಅಂತ ಬರೆದೆ ಅಣ್ಣಾ: ಅವ್ವ ಹೇಳುವ ಕಥೆಯಲ್ಲಿ ನೀನು ಮನೆಗೆ ಬಂದಿದ್ದೀಯ.

ನಿನ್ನ ತಮ್ಮ