ಸಾಂಬಾರಿನ ಹುಳ

ಜುಲೈ ೮, ಮಂಗಳವಾರ
ಹೊಸನಗರ

ಹೇಸಿಗೆ ಇನ್ನೂ ಹೋಗಿಲ್ಲ. ಮಧ್ಯಾಹ್ನ ಶಾಲೆಯ ಬಿಸಿಯೂಟದ ಸಾಂಬಾರಿನಲ್ಲಿ ಹುಳ ತೇಲುತ್ತಿದ್ದವು. ಬಡಿಸಬೇಡಿ ಎಂದು ಕೂಗಿದೆ. ಹೆಡ್‌ಮಾಸ್ಟರು ಪಾತ್ರೆಯತ್ತ ನೋಡಲೇ ಇಲ್ಲ. ನಕ್ಕು, “ಮೇಡಂ, ಇವತ್ತು ಮಾತ್ರೆ ತಗೊಂಡ್ರಾ?” ಎಂದರು. ನನ್ನ ಬೈಪೋಲಾರ್ ಕಾಯಿಲೆ ಎಲ್ಲರಿಗೂ ಗೊತ್ತು. ಅದು ವರ್ಷಗಳಿಂದ ಹತೋಟಿಯಲ್ಲಿರುವುದು ಯಾರಿಗೂ ಬೇಡ. ಉಳಿದ ಟೀಚರುಗಳೂ ನಕ್ಕರು. ಪಾತ್ರೆಯನ್ನು ನಾನೇ ಎಳೆದೊಯ್ದು ಹೊರಗೆ ಸುರಿದೆ. ಮಕ್ಕಳು ಬರೀ ಮಜ್ಜಿಗೆ ಅನ್ನ ಉಂಡರು.

ನಾನು ಮನೆ ಸೇರುವ ಮೊದಲೇ ಗಂಡ ಶ್ರೀನಾಥ್‌ಗೆ ಶಾಲೆಯಿಂದ ಫೋನ್ ಹೋಗಿತ್ತು. ಅವರು ನನ್ನ ಹತ್ತಿರ ಕೂತು ಕೇಳಿದರು: “ನಿನ್ನೆ ಸರಿ ನಿದ್ದೆ ಬಂದಿತ್ತಾ ನಿಂಗೆ?”

“ಬಂದಿತ್ತು. ಮಾತ್ರೇನೂ ತಗೊಂಡಿದೀನಿ. ಹುಳ ಇತ್ತಾ ಅಂತ ಯಾಕೆ ಕೇಳಲ್ಲ ನೀವು?”

ಹೆಡ್‌ಮಾಸ್ಟರರ ನಗುವಿಗಿಂತ ಗಂಡನ ಈ ಮೆತ್ತನೆಯ ಪ್ರಶ್ನೆಯಿಂದಲೇ ಹೆಚ್ಚು ಹೇಸಿಗೆಯಾಯಿತು. ಕಾಯಿಲೆಯವಳಿಗೆ ನ್ಯಾಯವಾದ ಸಿಟ್ಟೂ ಬರಬಾರದೇ?

ನಾಳೆಯೂ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತೇನೆ. ನಗುವವರು ನಗಲಿ, ನಾನು ಮಾತ್ರ ಹುಳ ಕಂಡರೆ ಮತ್ತೆ ಹೊರಗೆ ಸುರಿಯುತ್ತೇನೆ.